ಅಗ್ಗದ ಭೂತಕ್ಕೆ ದುಬಾರಿ ಬೆಡ್‌ಶೀಟ್

ಅಮೆರಿಕದಲ್ಲಿ ಸೆಪ್ಟೆಂಬರ್ ಕಾಲಿಟ್ಟಿತೆಂದರೆ ಮಿತವ್ಯಯದ ಋತು ಆರಂಭವಾಯಿತೆಂದೇ ಅರ್ಥ. ಮಕ್ಕಳು ವೇಷ ತೊಟ್ಟು ಮನೆ ಮನೆಗೆ ಹೋಗಿ ಮಿಠಾಯಿ ಪಡೆಯುವ ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬಕ್ಕೆ ಅವರಿಗೆ ಭೂತ, ಮಾಟಗಾತಿ, ಅಸ್ಥಿಪಂಜರಗಳ ವೇಷ ಕಟ್ಟುವ ಬಗೆಯನ್ನು ಹೇಳಿಕೊಡುವ ಪತ್ರಿಕೆಗಳು, ಟಿವಿ ಕಾರ್ಯಕ್ರಮಗಳು, ವಿಡಿಯೊಗಳೆಲ್ಲವೂ ಒಂದೇ ಮಂತ್ರವನ್ನು ಜಪಿಸತೊಡಗುತ್ತವೆ: ಸುಲಭ, ಅಗ್ಗ, ಮನೆಯಲ್ಲೇ ಮಾಡಬಹುದಾದದ್ದು, ಮನೆಮಂದಿಯೆಲ್ಲ ಕೂಡಿ ಮಾಡುವಂಥದ್ದು. ಇಷ್ಟು ಜನ ಇಷ್ಟು ಉಳಿತಾಯ ಮಾಡಿದ ಮೇಲೆ ಆ ದೇಶದ ವರ್ತಕರು ಅಂಗಡಿಗೆ ಬೀಗ ಜಡಿದು ಊರು ಬಿಡಬೇಕಿತ್ತು. ಆದರೆ ಅದೇ ವರ್ತಕರ ಸಂಘವಾದ ನ್ಯಾಷನಲ್ ರಿಟೇಲ್ ಫೆಡರೇಷನ್ನಿನ ಅಂದಾಜಿನಂತೆ 2023ರಲ್ಲಿ ಈ ಒಂದು ಹಬ್ಬಕ್ಕೆ ಅಮೆರಿಕನ್ನರ ಖರ್ಚು ಸುಮಾರು 1,220 ಕೋಟಿ ಡಾಲರ್. ಅದರಲ್ಲಿ ಸುಮಾರು 70 ಕೋಟಿ ನಾಯಿ, ಬೆಕ್ಕು ಮುಂತಾದ ಸಾಕುಪ್ರಾಣಿಗಳ ವೇಷಕ್ಕೆ. ಯಾವ ನಾಯಿಯೂ ತನಗೆ ವೇಷ ಬೇಕೆಂದು ಹಟ ಹಿಡಿದಂತೆ ತಿಳಿದುಬಂದಿಲ್ಲ. ಬಿಡಿಗಾಸಿನ ವೇಷಕ್ಕೆ ಇಷ್ಟು ಕೋಟಿ ಹೇಗೆ ಹಿಡಿಯುತ್ತದೆಂಬುದನ್ನು ಸ್ವಲ್ಪ ಸಾವಧಾನವಾಗಿ ಪರಿಶೀಲಿಸಬೇಕಾಗಿದೆ.

ಅಗ್ಗದ ವೇಷಗಳಲ್ಲಿ ಅಗ್ರಪೂಜೆ ಬೆಡ್‌ಶೀಟ್ ಭೂತಕ್ಕೆ ಸಲ್ಲುತ್ತದೆ. ಮನೆಯಲ್ಲಿರುವ ಹಳೆಯ ಬಿಳಿ ಬೆಡ್‌ಶೀಟಿನಲ್ಲಿ ಕಣ್ಣಿಗೆಂದು ಎರಡು ತೂತು ಕತ್ತರಿಸಿ ಮಗುವಿನ ತಲೆಯ ಮೇಲೆ ಹೊದಿಸಿದರೆ ಕೆಲಸ ಮುಗಿಯಿತು, ಖರ್ಚು ಸೊನ್ನೆ ಎಂದು ಮಾರ್ಗದರ್ಶಕರು ಅಪ್ಪಣೆ ಕೊಡಿಸುತ್ತಾರೆ. ಮಕ್ಕಳಿರುವ ಮನೆಯಲ್ಲಿ ಹಳೆಯದೂ ಆಗಿರುವ, ಬಿಳಿಯದಾಗಿಯೂ ಉಳಿದಿರುವ ಬೆಡ್‌ಶೀಟ್ ಎಲ್ಲಿಂದ ಬರಬೇಕು? ಇರುವವೆಲ್ಲ ಹೂವಿನವು, ಚೌಕಳಿಯವು, ಡೈನೋಸಾರ್ ಚಿತ್ರದವು. ಅಪ್ಪಿತಪ್ಪಿ ಬಿಳಿಯದೊಂದು ಸಿಕ್ಕಿದರೂ ಅದರ ನಾಲ್ಕು ಮೂಲೆಗೂ ಎಲಾಸ್ಟಿಕ್ ಇರುವುದರಿಂದ ಅದನ್ನು ಹೊದ್ದ ಮಗು ಭೂತದಂತೆ ಕಾಣದೆ ಕಾಲು ಮೂಡಿದ ಹಾಸಿಗೆಯಂತೆ ಕಾಣುತ್ತದೆ. ಆದ್ದರಿಂದ ಹೊಸ ಬಿಳಿ ಬೆಡ್‌ಶೀಟನ್ನು ಕೊಳ್ಳಲಾಗುತ್ತದೆ. ಹೊಸ ಬೆಡ್‌ಶೀಟಿನ ದೋಷವೆಂದರೆ ಅದು ಹೊಸದಾಗಿ ಕಾಣುತ್ತದೆ. ನೂರಾರು ವರ್ಷ ಅಲೆದ ಪ್ರೇತಕ್ಕೆ ಅಂಥ ಬಿಳುಪು ಒಪ್ಪುವುದಿಲ್ಲ. ಇದಕ್ಕೂ ಪರಿಹಾರವುಂಟು. ಬಟ್ಟೆಯನ್ನು ಟೀ ಡಿಕಾಕ್ಷನ್ನಿನಲ್ಲಿ ನೆನೆಹಾಕಿ ಮಾಸಲು ಬಣ್ಣ ಬರಿಸಬೇಕು. ಅದೇ ಮನೆಯಲ್ಲಿ ಅದೇ ವಾರ ಇನ್ನೊಂದು ಬಟ್ಟೆಯ ಮೇಲೆ ಚೆಲ್ಲಿದ ಟೀ ಕಲೆಯನ್ನು ತೆಗೆಯಲು ಆರು ಡಾಲರಿನ ದ್ರಾವಣ ಬಳಕೆಯಾಗುತ್ತಿರುತ್ತದೆಂಬುದು ಬೇರೆ ಮಾತು.

ಜೋಂಬಿ ವೇಷದ ವಿಧಿ ಇನ್ನೂ ಗಹನವಾದದ್ದು. ಗೋರಿಯಿಂದ ಎದ್ದುಬಂದವನ ಅಂಗಿ ಹರಿದಿರಬೇಕಾದದ್ದು ನ್ಯಾಯವೇ. ಆದರೆ ಮನೆಯ ಹಳೆಯ ಅಂಗಿಗಳನ್ನೆಲ್ಲ ಈಗಾಗಲೇ ದಾನಕ್ಕೆ ಕೊಟ್ಟು ಪುಣ್ಯ ಕಟ್ಟಿಕೊಂಡಾಗಿದೆ. ಹೀಗಾಗಿ ಹೊಸ ಅಂಗಿಯನ್ನು ತಂದು, ಸ್ಯಾಂಡ್ ಪೇಪರಿನಿಂದ ಉಜ್ಜಿ, ಚೀಸ್ ತುರಿಯುವ ತುರಿಮಣೆಯಿಂದ ಕೆರೆದು, ತೋಟದ ಮಣ್ಣು ಬಳಿದು, ಮಣ್ಣು ಸಹಜವಾಗಿ ಕಾಣದಿದ್ದರೆ ಕಂದು ಬಣ್ಣ ಕೊಂಡು ತಂದು ಬಳಿಯಬೇಕು. ಬಡತನವನ್ನು ಇಷ್ಟು ಶ್ರದ್ಧೆಯಿಂದ, ಇಷ್ಟು ವೆಚ್ಚದಲ್ಲಿ ನೇಯ್ದ ನೇಕಾರರು ಚರಿತ್ರೆಯಲ್ಲಿ ವಿರಳ.

ಮನೆಯಲ್ಲೇ ಇರುವ ಸಾಮಗ್ರಿ ಎಂಬ ಪಟ್ಟಿಯನ್ನೂ ಗಮನಿಸಬೇಕು. ರಟ್ಟಿನ ಪೆಟ್ಟಿಗೆಯ ರೋಬೋಟಿಗೆ ಬೇಕಾದವು ಒಂದು ಪೆಟ್ಟಿಗೆ, ಒಂದು ಗ್ಲೂ ಗನ್, ಎರಡು ಡಬ್ಬಿ ಬೆಳ್ಳಿ ಬಣ್ಣದ ಸ್ಪ್ರೇ ಪೇಂಟ್, ತೋಳುಗಳಿಗೆ ಬಟ್ಟೆ ಒಣಗಿಸುವ ಯಂತ್ರದ ಸುಕ್ಕುಸುಕ್ಕು ಕೊಳವೆ. ಈ ಕೊಳವೆ ಮನೆಯಲ್ಲೇ ಇರುತ್ತದೆಂಬುದು ನಿಜ, ಆದರೆ ಅದು ಯಂತ್ರಕ್ಕೆ ಸಿಕ್ಕಿಸಿಕೊಂಡಿರುತ್ತದೆ. ತಯಾರಿಗೆ ಹತ್ತು ನಿಮಿಷ ಸಾಕೆಂದು ಹೇಳಿದವರು ಬಣ್ಣ ಒಣಗುವ ಕಾಲವನ್ನಾಗಲಿ, ಹಿಂದಿನ ದಿನದವರೆಗೆ ರೋಬೋಟ್ ಆಗಬೇಕೆಂದಿದ್ದ ಮಗು ಹಬ್ಬದ ಹಿಂದಿನ ರಾತ್ರಿ ಜೇನುಹುಳು ಆಗಬೇಕೆಂದು ಅಳತೊಡಗುವ ಕಾಲವನ್ನಾಗಲಿ ಲೆಕ್ಕಕ್ಕೆ ಹಿಡಿದಂತಿಲ್ಲ. ಮನೆಮಂದಿಯೆಲ್ಲ ಕೂಡಿ ಮಾಡುವ ಕೆಲಸವೆಂದರೆ ಅಮ್ಮ ಗ್ಲೂ ಗನ್ನಿನಿಂದ ಬೆರಳು ಸುಟ್ಟುಕೊಳ್ಳುವುದು, ಅಪ್ಪ ಕತ್ತರಿ ಎಲ್ಲಿದೆಯೆಂದು ಕೇಳುವುದು, ಮಕ್ಕಳು ನಿದ್ದೆ ಹೋಗುವುದು ಎಂದೇ ತಿಳಿಯತಕ್ಕದ್ದು.

ಇನ್ನು ಮನೆಯ ಅಲಂಕಾರ. ಸೆಪ್ಟೆಂಬರಿನಲ್ಲಿ ವರಾಂಡದ ಜೇಡರ ಬಲೆಗಳನ್ನು ಒಂದೂ ಬಿಡದಂತೆ ಗುಡಿಸಿ ಹಾಕುವ ಗೃಹಸ್ಥರು ಅಕ್ಟೋಬರಿನಲ್ಲಿ ಅದೇ ಜಾಗಕ್ಕೆ ಪಾಲಿಯೆಸ್ಟರ್ ಬಲೆಯ ಪೊಟ್ಟಣವನ್ನು ಹಣ ಕೊಟ್ಟು ತಂದು, ಏಣಿ ಹತ್ತಿ ಎಳೆದು ಹರಡುತ್ತಾರೆ. ಇಂಥ ಬಲೆಗಳಲ್ಲಿ ಹಕ್ಕಿಗಳು ಸಿಕ್ಕಿಬೀಳುತ್ತವೆಂದು ವನ್ಯಜೀವಿ ರಕ್ಷಕರು ವರ್ಷ ವರ್ಷ ಎಚ್ಚರಿಸುತ್ತಾರೆ. ನೊಣ ಹಿಡಿಯಲೂ ಬಾರದ ಬಲೆ ಹಕ್ಕಿ ಹಿಡಿಯುವ ಮಟ್ಟಕ್ಕೆ ಏರಿರುವುದನ್ನು ಪ್ರಗತಿಯೆಂದೇ ಕರೆಯಬೇಕು. ಅಂಗಳದಲ್ಲಿ ತಾನಾಗಿ ಉದುರಿದ ಕಿತ್ತಳೆ ಬಣ್ಣದ ಮೇಪಲ್ ಎಲೆಗಳನ್ನು ಯಂತ್ರದಿಂದ ಊದಿ ಒಟ್ಟುಮಾಡಿ, ಕುಂಬಳಕಾಯಿಯ ಮುಖ ಅಚ್ಚಾಗಿರುವ ಕಿತ್ತಳೆ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಅಂಗಳದಲ್ಲೇ ಕೂರಿಸುತ್ತಾರೆ. ಬರಿದಾದ ಬಾಗಿಲಿಗೆ ಬಟ್ಟೆಯ ಕಿತ್ತಳೆ ಎಲೆಗಳ ತೋರಣ ಕಟ್ಟುತ್ತಾರೆ. ಹೋಮ್ ಡಿಪೋ ಕಂಪನಿ 2020ರಲ್ಲಿ 12 ಅಡಿ ಎತ್ತರದ ಅಸ್ಥಿಪಂಜರವೊಂದನ್ನು 299 ಡಾಲರಿಗೆ ಮಾರಾಟಕ್ಕಿಟ್ಟಾಗ ಅದು ಬಂದಷ್ಟೂ ಖರ್ಚಾಗಿಹೋಯಿತು. ಮನುಷ್ಯ ಸತ್ತ ಮೇಲೆ ಇಮ್ಮಡಿ ಎತ್ತರಕ್ಕೆ ಬೆಳೆಯುತ್ತಾನೆಂದು ಯಾವ ಪುರಾಣವೂ ಹೇಳಿಲ್ಲ. ಅಷ್ಟೆತ್ತರದ ಮೂಳೆಗಳನ್ನು ಉಳಿದ ಹನ್ನೊಂದು ತಿಂಗಳು ಎಲ್ಲಿಡುವುದೆಂದು ತೋಚದೆ ಡಿಸೆಂಬರಿನಲ್ಲಿ ಅದರ ತಲೆಗೆ ಸಾಂಟಾ ಟೋಪಿ ಹಾಕಿ, ಫೆಬ್ರವರಿಯಲ್ಲಿ ಕೈಗೆ ಪ್ರೇಮದ ಕೆಂಪು ಹೃದಯ ಕೊಟ್ಟು ನಿಲ್ಲಿಸುವ ಮನೆಗಳೂ ಇವೆ.

ಈ ಹಬ್ಬದ ಮೂಲ ಐರ್ಲೆಂಡ್, ಸ್ಕಾಟ್ಲೆಂಡ್‌ಗಳ ಬಡ ಹಳ್ಳಿಗಳದು. ಅಲ್ಲಿ ಟರ್ನಿಪ್ ಗಡ್ಡೆಯನ್ನು ಕೊರೆದು ದೀಪವಿಟ್ಟು, ಮುಖಕ್ಕೆ ಮಸಿ ಬಳಿದುಕೊಂಡು ಮನೆ ಮನೆ ತಿರುಗುತ್ತಿದ್ದರು. ಅಮೆರಿಕಕ್ಕೆ ವಲಸೆ ಬಂದವರಿಗೆ ಕೊರೆಯಲು ಸುಲಭವಾದ ದೊಡ್ಡ ಕುಂಬಳಕಾಯಿ ಸಿಕ್ಕಿತು. 1930ರ ದಶಕದಲ್ಲಿ ಬೆನ್ ಕೂಪರ್‌ನಂಥ ಕಂಪನಿಗಳು ಮುಖವಾಡ, ಉಡುಪುಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮಾರತೊಡಗಿದವು. ಆಗ ಪೆಟ್ಟಿಗೆಯೊಳಗೆ ವೇಷವಿರುತ್ತಿತ್ತು. ಈಗ ಪೆಟ್ಟಿಗೆಯೇ ವೇಷ, ಖರ್ಚು ಮಾತ್ರ ಇಳಿದಿಲ್ಲ. 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಸ್ಪಿರಿಟ್ ಹ್ಯಾಲೋವೀನ್ ಎಂಬ ಮಳಿಗೆ ಸರಣಿಯಂತೂ ದಿವಾಳಿಯೆದ್ದು ಮುಚ್ಚಿದ ಅಂಗಡಿಗಳ ಖಾಲಿ ಕಟ್ಟಡಗಳನ್ನು ಹುಡುಕಿ, ಕೆಲವೇ ವಾರಗಳ ಮಟ್ಟಿಗೆ ಬಾಡಿಗೆ ಹಿಡಿದು, ಹಬ್ಬ ಕಳೆದೊಡನೆ ಮಾಯವಾಗುತ್ತದೆ. ಇಡೀ ಹಬ್ಬದಲ್ಲಿ ಶಾಸ್ತ್ರೋಕ್ತವಾಗಿ ಪರಕಾಯ ಪ್ರವೇಶ ಮಾಡುವುದು ಇದೊಂದೇ.

ಇಷ್ಟೆಲ್ಲ ಆದ ಮೇಲೆ ಉತ್ತರದ ರಾಜ್ಯಗಳಲ್ಲಿ ವೇಷ ಯಾರಿಗೂ ಕಾಣುವುದಿಲ್ಲ. ಮಿನೆಸೋಟದಲ್ಲಿ 1991ರ ಹ್ಯಾಲೋವೀನ್ ದಿನ ಆರಂಭವಾದ ಹಿಮಪಾತ ಮಿನಿಯಾಪೊಲಿಸ್ ನಗರದಲ್ಲಿ 28 ಇಂಚುಗಳನ್ನು ದಾಟಿತು. ಅಂಥ ವಿಪತ್ತಿಲ್ಲದ ವರ್ಷಗಳಲ್ಲೂ ಸಂಜೆಯ ಚಳಿಗೆ ಭೂತ, ಜೋಂಬಿ, ಜೇನುಹುಳುಗಳೆಲ್ಲ ಮಂಡಿಯವರೆಗಿನ ದಪ್ಪ ಕೋಟು ತೊಟ್ಟು ಹೊರಡುವುದರಿಂದ, ಮಿಠಾಯಿ ಕೊಡುವವರು ಪ್ರತಿ ಕೋಟನ್ನೂ ನೀನು ಯಾರೆಂದು ವಿಚಾರಿಸಿಯೇ ಹೆದರಬೇಕಾಗುತ್ತದೆ.

ಅಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳು ಈ ಭೂತಚೇಷ್ಟೆಯಿಂದ ಹೊರಗಿವೆಯೆಂದು ಯಾರೂ ಭಾವಿಸಬಾರದು. ಊರಿನಿಂದ ಬಂದ ಅಜ್ಜಿ, “ದುಡ್ಡು ಕೊಟ್ಟು ಯಾರಾದ್ರೂ ಬಾಗಿಲಿಗೆ ಬುರುಡೆ ಕಟ್ತಾರೇನೆ?” ಎಂದು ಮಗಳನ್ನು ಕೇಳುವುದು ಸಹಜವೇ. 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ದೆವ್ವದ ಸುದ್ದಿ ಹಬ್ಬಿದಾಗ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ಸಂಭಾಳಿಸಿದ ಪೀಳಿಗೆ ಅದು. ತಗುಲಿದ ವೆಚ್ಚ ಒಂದು ಸೀಮೆಸುಣ್ಣದ ತುಂಡು. ಆ ಉಪಾಯ ಅಲ್ಲಿ ನಡೆಯದು. ಅಲ್ಲಿನ ದೆವ್ವಗಳಿಗೆ ಕನ್ನಡ ಓದಲು ಬರುವುದಿಲ್ಲ. ಶನಿವಾರದ ಕನ್ನಡ ತರಗತಿಗೆ ಹೋಗುವ ದೆವ್ವಗಳಿಗೂ ಇನ್ನೂ ಒತ್ತಕ್ಷರ ಆಗಿಲ್ಲವಾದರೂ ‘ನಾಳೆ ಬಾ’ ಓದಿಬಿಡುತ್ತವೆ, ಓದಿದಂತೆಯೇ ಮಾರನೆಯ ದಿನವೂ ಮಿಠಾಯಿಗೆ ಬರುತ್ತವೆ.

ಕನ್ನಡ ತಾಯಂದಿರ ನಿಜವಾದ ಜಾಣ್ಮೆ ತೋರುವುದು ಹಬ್ಬದ ಮಾರನೆಯ ದಿನದಿಂದ. ಹ್ಯಾಲೋವೀನ್ ಮುಗಿದು ಬೆಳಗಾದರೆ ನವೆಂಬರ್ 1, ರಾಜ್ಯೋತ್ಸವ. ಕನ್ನಡ ಸಂಘದ ಕಾರ್ಯಕ್ರಮವೂ ಹೆಚ್ಚು ದೂರವಿರುವುದಿಲ್ಲ. ಮಾಟಗಾತಿಯ ಪೊರಕೆಯಿಂದ ಕಡ್ಡಿಗಳನ್ನು ಕಿತ್ತು, ಹಿಡಿಗೆ ಕಂದು ಕಾಗದ ಸುತ್ತಿದರೆ ಒನಕೆ ಸಿದ್ಧ. ನಿನ್ನೆಯ ಮಾಟಗಾತಿ ಇಂದು ಚಿತ್ರದುರ್ಗದ ಓಬವ್ವ. ಇಡೀ ಅಮೆರಿಕದಲ್ಲಿ ಖರ್ಚಿಲ್ಲದೆ ಮನೆಯಲ್ಲೇ ತಯಾರಾದ ಏಕೈಕ ವೇಷ ಇದಿರಬಹುದು. ಮುಂದಿನ ವರ್ಷ ಅದೇ ಒನಕೆಗೆ ಮತ್ತೆ ಕಡ್ಡಿ ಕಟ್ಟಿ ಪೊರಕೆ ಮಾಡಬಹುದಲ್ಲವೇ ಎಂದು ಕೇಳಿದರೆ, ಅದರ ಅಗತ್ಯವೇ ಇಲ್ಲವೆಂದೂ, ಬೆಳಿಗ್ಗೆ ಅರ್ಧ ಬೆಲೆಗೆ ಸಿಕ್ಕಿದ ಮೂರು ಪೊರಕೆಗಳು ಆಗಲೇ ಗ್ಯಾರೇಜು ಸೇರಿವೆಯೆಂದೂ ಉತ್ತರ ಬರುತ್ತದೆ.