ಪದ್ಮಿನಿಗೆ ಶ್ರೀಗಂಧದ ಲೇಪನ

ನಮ್ಮ ಹಳೇ ಕಾರುಗಳ ಕ್ಲಬ್ಬಿನಲ್ಲಿ ಯಾರನ್ನೂ ಅವರವರ ಹೆಸರು ಹಿಡಿದು ಕರೆಯುವುದಿಲ್ಲ, ಗಾಡಿಯ ಹೆಸರು ಹಿಡಿದೇ ಕರೆಯುವುದು. ಇದರಿಂದ ಮನೆಯಲ್ಲಿ ಆಗಾಗ ಗೊಂದಲ. “ಅಂಬಾಸಿಡರ್‌ಗೆ ರಾತ್ರಿಯೆಲ್ಲ ಗ್ಯಾಸಂತೆ, ಹೆರಾಲ್ಡ್‌ಗೆ ಮಂಡಿ ಹಿಡ್ಕೊಂಡಿದೆಯಂತೆ” ಎಂದು ಫೋನಿಟ್ಟು ಹೇಳಿದರೆ, “ಹೋಗ್ಬೇಕಾಗಿರೋದು ಡಾಕ್ಟರ ಹತ್ರನೋ, ಗ್ಯಾರೇಜಿಗೋ?” ಎಂದು ನನ್ನ ಹೆಂಡತಿ ಕೇಳುತ್ತಾಳೆ. ನಾನು ಪದ್ಮಿನಿ. ಐವತ್ತೆಂಟು ವಯಸ್ಸಿನ, ಬಿಪಿ ಮಾತ್ರೆ ನುಂಗುವ, ಮೀಸೆ ಇರುವ ಪದ್ಮಿನಿ.

ಅಸಲಿ ಪದ್ಮಿನಿ 1975ರದು. ಮುಂಬೈಯ ಕುರ್ಲಾದಲ್ಲಿ ಹುಟ್ಟಿ, ಎರಡು ಕೈ ದಾಟಿ ನಮ್ಮಪ್ಪನ ಕೈಗೆ ಬಂದಿದ್ದು. 1089 ಸಿಸಿ ಎಂಜಿನ್ನು, ಸ್ಟೇರಿಂಗಿನ ಪಕ್ಕದಲ್ಲೇ ಗೇರು. ಆರ್‌ಸಿಯಲ್ಲಿ ಏನೇ ಬರೆದಿರಲಿ, ನಮ್ಮ ಬೀದಿಯವರ ಬಾಯಲ್ಲಿ ಅದು ಇವತ್ತಿಗೂ ಫಿಯೆಟ್ಟೇ. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಯನ್ನು ಸರ್ಕಾರ ವಿಂಟೇಜ್ ಎಂದು ಒಪ್ಪುತ್ತದೆ. 2021ರಲ್ಲಿ ಹಾಗೊಂದು ನಿಯಮ ಬಂತು. ಅಂಥ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ಪೆಟ್ರೋಲಿಗೆ, ರಿಪೇರಿಗೆ ಎಂದು ರಸ್ತೆಗಿಳಿಸಬಹುದು. ಮೈಸೂರಿನ ಪ್ರದರ್ಶನಕ್ಕೆ ಹೊರಟ ನಾವು ಈ ಮೂರನ್ನೂ ಎರಡೇ ದಿನದಲ್ಲಿ ಪಾಲಿಸಿದೆವು.

ಅದಕ್ಕೂ ಮುಂಚೆ ಒಂದು ತಿಂಗಳು ನಾನು ‘ಒರಿಜಿನಲ್’ ಎಂಬ ಮಂತ್ರ ಜಪಿಸಿದ್ದೆ. ಜೆ.ಸಿ. ರಸ್ತೆಯ ಅಂಗಡಿ ಅಂಗಡಿ ಅಲೆದು, ಶಿವಾಜಿನಗರದ ಗುಜರಿಯಲ್ಲಿ ಮಂಡಿಯೂರಿ, ಹಿಂದಿನ ದೀಪದ ಕೆಂಪು ಗಾಜೊಂದನ್ನು ಹುಡುಕಿ ತಂದೆ. ಅದನ್ನು ಹತ್ತಿಯಲ್ಲಿ ಸುತ್ತಿ ಮನೆಗೆ ತಂದ ರೀತಿ ನೋಡಿ ನನ್ನ ಹೆಂಡತಿ, “ನಮ್ಮ ಮಗನ್ನ ಆಸ್ಪತ್ರೆಯಿಂದ ಕರ್ಕೊಂಡ್ ಬರುವಾಗ ನೀವು ಆಟೋದಲ್ಲಿ ಮುಂದ್ಗಡೆ ಕೂತಿದ್ರಿ” ಎಂದಳು. ಮೂವತ್ತು ವರ್ಷದ ಹಿಂದಿನ ಮಾತು. ಅವಳ ನೆನಪೂ ಒರಿಜಿನಲ್ಲೇ, ಒಂದು ಪಾರ್ಟೂ ಬದಲಾಗಿಲ್ಲ.

ಶನಿವಾರ ಬೆಳಗಿನ ಐದೂವರೆಗೆ ಕೆಂಗೇರಿಯಲ್ಲಿ ಏಳು ಗಾಡಿ ಸೇರಿದವು. ಎಲ್ಲರೂ ಟ್ಯಾಂಕ್ ತುಂಬಿಸಿಕೊಂಡೇ ಬರಬೇಕೆಂದು ಕ್ಲಬ್ಬಿನ ಆಜ್ಞೆ. ನನ್ನ ಪದ್ಮಿನಿಯದು ವರ್ಷಗಳಿಂದ ಐದು ಲೀಟರಿನ ಸಂಸಾರ. ಅವತ್ತು ಬಂಕಿನ ಹುಡುಗ ತುಂಬುತ್ತಲೇ ಇದ್ದ, ನಾನು ಮೀಟರಿನ ಕಡೆ ನೋಡದೆ ಆಕಾಶ ನೋಡುತ್ತಿದ್ದೆ.

ಹೊಸ ಎಕ್ಸ್‌ಪ್ರೆಸ್‌ವೇ ಬೇಡ, ಊರೊಳಗಿನ ಹಳೇ ರಸ್ತೆಯೇ ಇರಲಿ ಎಂದು ತೀರ್ಮಾನವಾಗಿತ್ತು. ಕಾರಣ ಇಷ್ಟೆ: ಎಕ್ಸ್‌ಪ್ರೆಸ್‌ವೇಯಲ್ಲಿ ಕೆಟ್ಟು ನಿಂತರೆ ಕೇಳುವವರಿಲ್ಲ, ಹಳೇ ರಸ್ತೆಯಲ್ಲಿ ನಿಂತರೆ ಕೇಳದವರಿಲ್ಲ. ಚನ್ನಪಟ್ಟಣದ ಹತ್ತಿರ ಅಂಬಾಸಿಡರ್ ನಿಂತಿತು. ಬಿಸಿಲಿಗೆ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ, ಪಂಪು ಬರೀ ಗಾಳಿ ಎಳೆಯುತ್ತಿತ್ತು. ಉದ್ಘಾಟನೆಗೆಂದು ತಂದಿದ್ದ ಜರಿ ಶಲ್ಯವನ್ನೇ ನೆನೆಸಿ ಪಂಪಿಗೆ ಸುತ್ತಿದರು. ಹತ್ತು ನಿಮಿಷದಲ್ಲಿ ಹೊರಟಿತು. ಪದ್ಮಿನಿ ಮಾತ್ರ ಕೆಮ್ಮದೆ ಸೀನದೆ ಬಂದಿದ್ದಕ್ಕೆ ನಾನು ಮದ್ದೂರಿನವರೆಗೂ ಕಿಟಕಿಯಾಚೆ ಮೊಣಕೈ ಇಟ್ಟುಕೊಂಡೇ ಓಡಿಸಿದೆ.

ಮದ್ದೂರಿನಲ್ಲಿ ವಡೆ ಮುರಿದು ಬಾಯಿಗಿಟ್ಟಾಗ ಹೆಂಡತಿ ಮೂಗು ಅರಳಿಸಿದಳು. “ಚಟ್ನಿ ಪೆಟ್ರೋಲ್ ವಾಸನೆ ಬರ್ತಿದೆ.” ಚಟ್ನಿ ನಿರಪರಾಧಿ. ಡಿಕ್ಕಿಯ ಕೆಳಗೆ ಟ್ಯಾಂಕಿನ ಹೊಲಿಗೆಯಿಂದ ತೊಟ್ಟು ತೊಟ್ಟಾಗಿ ನನ್ನ ಪೆನ್ಷನ್ನು ರಸ್ತೆಗೆ ಬೀಳುತ್ತಿತ್ತು. ಐದು ಲೀಟರು ಮುಟ್ಟದ ಎತ್ತರದಲ್ಲಿ ತುಕ್ಕು ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿತ್ತು.

ಜನ ಸೇರಿತು. ಒಬ್ಬ ಹಿರಿಯರು ಬೀಡಿ ಕಚ್ಚಿಕೊಂಡೇ ಕೆಳಗೆ ಬಗ್ಗಿ ನೋಡಹೊರಟರು. ಹತ್ತು ಬಾಯಿ ಒಟ್ಟಿಗೆ “ಬೀಡಿ! ಬೀಡಿ!” ಎಂದು ಕೂಗಿದವು. ಅವರು ಜೇಬಿನಿಂದ ಕಟ್ಟು ತೆಗೆದು, “ಒಂದೇ ಉಳಿದಿರೋದು, ಯಾರಿಗೆ ಬೇಕು?” ಎಂದರು.

ಅಷ್ಟರಲ್ಲಿ ಪಕ್ಕದ ಗ್ಯಾರೇಜಿನಿಂದ ಮೆಕ್ಯಾನಿಕ್ ಬಂದ. ಬೆರಳಲ್ಲಿ ಮುಟ್ಟಿ ಮೂಸಿದ. “ಬೆಸುಗೆ ಹಾಕಕ್ಕೆ ಟ್ಯಾಂಕ್ ಇಳಿಸ್ಬೇಕು ಸಾ, ಸಂಜೆ ಆಯ್ತದೆ. ಅಕ್ಕಾ, ಬ್ಯಾಗಲ್ಲಿ ಸೋಪ್ ಅದಾ?”

ಲಾಡ್ಜಿನ ಸೋಪಿನ ಮೇಲೆ ನಂಬಿಕೆಯಿಲ್ಲದ ನನ್ನವಳು ಮನೆಯಿಂದ ಹೊಸ ಮೈಸೂರ್ ಸ್ಯಾಂಡಲ್ ತಂದಿದ್ದಳು. ಡಬ್ಬಿ ಬಿಚ್ಚುವಾಗ ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಆತ ಸೋಪನ್ನು ಚಾಕುವಿನಲ್ಲಿ ಹೆರೆದು, ಅಂಗೈಯಲ್ಲಿ ಕಣಕದ ಹಾಗೆ ನಾದಿ, ಹೆಬ್ಬೆರಳಿನಿಂದ ಹೊಲಿಗೆಯ ಉದ್ದಕ್ಕೂ ಒತ್ತುತ್ತಾ ಹೋದ. ಗೌರಿಗೆ ಅರಿಶಿನ ಹಚ್ಚುವಷ್ಟು ನಾಜೂಕು. ತೊಟ್ಟು ನಿಂತಿತು. “ಪೆಟ್ರೋಲಿಗೆ ಸೋಪ್ ಕರಗಲ್ಲ ಸಾ. ನೀರ್ ಮಾತ್ರ ಮುಟ್ಟಿಸ್ಬ್ಯಾಡಿ.” ದುಡ್ಡು ಎಷ್ಟೆಂದರೆ ಬೇಡವೆಂದ. “ಮಿಕ್ಕಿದ್ ಸೋಪ್ ನಾನ್ ಮಡಿಕ್ಕತ್ತೀನಿ.” ಮುಕ್ಕಾಲು ಸೋಪು ಮಿಕ್ಕಿತ್ತು.

ಶ್ರೀರಂಗಪಟ್ಟಣದ ಹತ್ತಿರ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸ್ಥಾಪಿಸಿದ ‘ಪಯಣ’ ಕಾರು ಮ್ಯೂಸಿಯಂ ದಾಟಿದೆವು. ಅಲ್ಲಿ ಹಳೇ ಕಾರುಗಳು ನೆಮ್ಮದಿಯಾಗಿ ನಿಂತಿರುತ್ತವೆ. ನಿಲ್ಲುವುದರಲ್ಲಿ ನಮ್ಮವೂ ಕಮ್ಮಿಯೇನಿಲ್ಲ, ಜಾಗ ಮಾತ್ರ ಬೇರೆ.

ಭಾನುವಾರ ಬೆಳಿಗ್ಗೆ ಲಾಡ್ಜಿನಿಂದ ಇಳಿದು ಬಂದರೆ ಪದ್ಮಿನಿ ಫಳಫಳ! ವಾಚ್‌ಮನ್ ಪೈಪು ಹಿಡಿದುಕೊಂಡು ಹಲ್ಲು ಕಿರಿಯುತ್ತಿದ್ದ. “ಕೆಳಗಡೆ ಎಲ್ಲಾ ಏನೇನೋ ಮೆತ್ಕೊಂಡಿತ್ತು ಸಾರ್, ಉಜ್ಜಿ ಉಜ್ಜಿ ತೊಳ್ದೆ. ನೊರೆ ಅಂದ್ರೆ ನೊರೆ!” ನಾನು ನೂರು ರೂಪಾಯಿ ಭಕ್ಷೀಸು ಕೊಟ್ಟೆ. ನೊರೆ ಯಾಕೆ ಬಂತು ಎಂದು ಆಗ ನನಗೆ ಹೊಳೆಯಲೇ ಇಲ್ಲ. ಹೊಳೆದದ್ದು ಮೈದಾನದಲ್ಲಿ, ಜಡ್ಜ್ ಸಾಹೇಬರು ಪ್ಯಾಡು ಹಿಡಿದು ಪದ್ಮಿನಿಯ ಹಿಂದೆ ಬಗ್ಗಿದಾಗ.

ಎಪ್ಪತ್ತು ದಾಟಿದವರು, ಸ್ವತಃ ಮಾರಿಸ್ ಮೈನರ್ ಮಾಲೀಕರು. ನಾನು ಹತ್ತಿಯಲ್ಲಿ ಸುತ್ತಿ ತಂದ ಕೆಂಪು ಗಾಜಿನ ಕಡೆ ಅವರ ಕಣ್ಣು ಹೋಗಲೇ ಇಲ್ಲ. “ಸೋರ್ತಿದೆಯಲ್ರೀ. ಮತ್ತೆ ಇದೇನು, ಗಂಧದ ವಾಸನೆ?”

ನಡೆದದ್ದು ಹೇಳಿದೆ. ಅವರು ‘ಒರಿಜಿನಾಲಿಟಿ’ ಎಂಬ ಕಾಲಮ್ಮಿನ ಮೇಲೆ ಪೆನ್ನು ಇಟ್ಟರು. ನಾನು ಕೊನೆಯ ಅಸ್ತ್ರ ಬಿಟ್ಟೆ. “ಸಾರ್, ಈ ಸೋಪಿನ ಕಾರ್ಖಾನೆ ಶುರುವಾಗಿದ್ದು 1916ರಲ್ಲಿ, ನಾಲ್ವಡಿಯವರ ಕಾಲದಲ್ಲಿ. ನನ್ನ ಗಾಡಿಗಿಂತ ಸೋಪೇ ಹೆಚ್ಚು ವಿಂಟೇಜು.”

ಅವರು ನಗಲಿಲ್ಲ. ಸೀದಾ ತಮ್ಮ ಮಾರಿಸ್ಸಿನ ಡಿಕ್ಕಿ ತೆಗೆದು, ಸ್ಪಾನರುಗಳ ನಡುವಿನಿಂದ ಹಳೇ ಪೇಪರಿನ ಪೊಟ್ಟಣವೊಂದನ್ನು ತಂದು ಬಿಚ್ಚಿದರು. ಒಳಗೆ ಅರ್ಧ ಸವೆದ ಬಟ್ಟೆ ಸೋಪು.

“ಇದಕ್ಕೆಲ್ಲ ಸ್ಯಾಂಡಲ್ ಸೋಪು ಯಾಕ್ರೀ ದಂಡ ಮಾಡ್ತೀರಾ? ನಾನು ಹದಿನೈದು ವರ್ಷದಿಂದ ಇದ್ರಲ್ಲೇ ನಡೆಸ್ತಿದೀನಿ” ಎಂದು ಸೋಪನ್ನು ನನ್ನ ಅಂಗೈಗೆ ಹಾಕಿ, ಅದೇ ಕೈಯಲ್ಲಿ ಪೆನ್ನು ತೆಗೆದು ಐದು ಮಾರ್ಕು ಹೊಡೆದುಹಾಕಿದರು.