"ನಮ್ ವಂಶದಲ್ಲೇ ಇದೆ ಬಿಡಿ" ಅನ್ನೋರಿಗೆ

ನಮ್ಮಮ್ಮನ ತವರು ಕಡೆ ಯಾರಿಗಾದ್ರೂ ಲಕ್ವ ಹೊಡೀತು ಅಂದ್ರೆ ಯಾರೂ ಗಾಬರಿನೂ ಬೀಳಲ್ಲ. ತಾತನಿಗೆ ಆಗಿತ್ತು, ತಾತನ ತಮ್ಮನಿಗೆ ಆಗಿತ್ತು, ದೊಡ್ಡಮಾವನಿಗೆ ಆಯ್ತು, ಹೋದ ವರ್ಷ ಚಿಕ್ಕಮಾವನಿಗೂ ಬಾಯಿ ಸೊಟ್ಟಗಾಗಿ ಎಡಗೈ ಎತ್ತಕ್ಕಾಗ್ದೆ ಆಸ್ಪತ್ರೆಗೆ ಹಾಕ್ಕೊಂಡು ಹೋದ್ರು. ವಾರ್ಡ್ ಹೊರಗೆ ಕೂತಿದ್ದ ನೆಂಟರ ಬಾಯಲ್ಲೆಲ್ಲ ಒಂದೇ ಮಾತು, ಏನ್ ಮಾಡಕ್ಕಾಗುತ್ತೆ, ನಮ್ ವಂಶದಲ್ಲೇ ಇದೆ ಬಿಡಿ.

ಈ "ಬಿಡಿ" ಅನ್ನೋದರ ಮೇಲೇ ನನ್ನ ತಕರಾರು. ವಂಶದಲ್ಲಿದೆ ಅಂತ ಅಷ್ಟು ಗ್ಯಾರಂಟಿ ಇದ್ರೆ ಇನ್ನೂ ಜಾಸ್ತಿ ಹುಷಾರಾಗಿರ್ಬೇಕು ತಾನೇ? ನಮ್ಮಲ್ಲಿ ಉಲ್ಟಾ. ವಂಶದಲ್ಲಿದೆ ಅಂದ ತಕ್ಷಣ ಬಿಪಿ ನೋಡ್ಸೋದು ಬೇಡ, ಮಾತ್ರೆ ಬೇಡ, ಎಲ್ಲಾ ಹಣೆಬರಹದ ಖಾತೆಗೆ.

ಅದಕ್ಕಿಂತ ಮಜಾ ಏನು ಗೊತ್ತಾ, ವಂಶದಲ್ಲಿ ಏನಿದೆ ಅನ್ನೋದೇ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಮನೆದೇವ್ರು ಯಾವುದು, ಭಾಗ ಆದಾಗ ಕೆರೆ ಕೆಳಗಿನ ಗದ್ದೆ ಯಾರ ಪಾಲಿಗೆ ಎಷ್ಟು ಗುಂಟೆ ಹೋಯ್ತು, ಯಾರ ಮದುವೇಲಿ ಯಾರಿಗೆ ಸೀರೆ ಕೊಡ್ಲಿಲ್ಲ, ಎಲ್ಲಾ ಬಾಯಿಪಾಠ. ತಾತನಿಗೆ ಲಕ್ವ ಹೊಡೆದಾಗ ಎಷ್ಟು ವಯಸ್ಸು ಅಂತ ಕೇಳಿ, ಒಬ್ಬರ ಮುಖ ಒಬ್ಬರು ನೋಡ್ತಾರೆ. ಚಿಕ್ಕಮಾವ ಮನೆಗೆ ಬಂದ ಮೇಲೆ ನಾನು ದೊಡ್ಡಮ್ಮನ ಪಕ್ಕ ಕೂತು ಕೇಳ್ದೆ. ಅವರು ಅವರೆಕಾಯಿ ಸುಲೀತಾ, "ವಯಸ್ಸಾಗಿತ್ತು ಕಣವ್ವ, ಹೋದ್ರು" ಅಂದ್ರು. ಎಷ್ಟ್ ವಯಸ್ಸು ದೊಡ್ಡಮ್ಮ ಅಂದ್ರೆ, "ಅದ್ಯಾರಿಗ್ ನೆಪ್ಪೈತೆ, ನಿಮ್ಮಮ್ಮಂಗೆ ಇನ್ನೂ ಮದ್ವೆ ಆಗಿರ್ಲಿಲ್ಲ, ನಿನ್ ಚಿಕ್ಕಮಾವ ಎಸ್ಸೆಸ್ಸೆಲ್ಸಿ ಫೇಲಾಗಿ ಮನೇಲಿ ಕೂತಿದ್ದ." ಸರಿ, ಮಾವನ ಎಸ್ಸೆಸ್ಸೆಲ್ಸಿ ವರ್ಷ ಹಿಡ್ಕೊಂಡು ಹಿಂದಕ್ಕೆ ಲೆಕ್ಕ ಹಾಕಿದ್ರೆ ತಾತನಿಗೆ ಆಗ ಐವತ್ತೆರಡು, ಬಹಳ ಅಂದ್ರೆ ಐವತ್ಮೂರು! ಇಷ್ಟು ವರ್ಷ ನಾವೆಲ್ಲ "ವಯಸ್ಸಾಗಿ ಹೋದ್ರು" ಅಂತ ಹೇಳ್ಕೊಂಡು ಬಂದಿದ್ದು ಐವತ್ತೆರಡರ ಮನುಷ್ಯನ ಬಗ್ಗೆ. ತಾತನ ತಮ್ಮನಿಗೆ ಆಗಿದ್ದು ಎಂಬತ್ತು ದಾಟಿದ ಮೇಲೆ.

ಮನೇಲಿ ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸ್ತಾರೆ, ಆದ್ರೆ ಡಾಕ್ಟರಿಗೆ ಇವೆರಡೂ ಬೇರೆ ಬೇರೆ ಕಥೆ. ಅಮೆರಿಕಾದ ಫ್ರಾಮಿಂಗ್‌ಹ್ಯಾಮ್ ಅನ್ನೋ ಊರಲ್ಲಿ 1948ರಿಂದ ತಲೆಮಾರುಗಳ ಲೆಕ್ಕ ಇಟ್ಕೊಂಡು ಬಂದಿದ್ದಾರೆ, ಅದರಿಂದ 2010ರಲ್ಲಿ ಬಂದ ಒಂದು ವರದಿ ಪ್ರಕಾರ ಅಪ್ಪ ಅಥವಾ ಅಮ್ಮನಿಗೆ 65ಕ್ಕೆ ಮುಂಚೆ ಸ್ಟ್ರೋಕ್, ಅಂದ್ರೆ ಇದೇ ಲಕ್ವ, ಆಗಿದ್ರೆ ಮಕ್ಕಳಿಗೆ ಆಗೋ ಸಾಧ್ಯತೆ ಸುಮಾರು ಮೂರು ಪಟ್ಟು. ಎಂಬತ್ತು ದಾಟಿ ಆಗೋದರಲ್ಲಿ ವಯಸ್ಸಿನ ಪಾಲೇ ದೊಡ್ಡದು. ಹಾಗಾಗಿ ಆಯ್ತಾ ಇಲ್ವಾ ಅಂತ ಕೇಳಿದ್ರೆ ಸಾಲಲ್ಲ, ಯಾವ ವಯಸ್ಸಲ್ಲಿ, ರಕ್ತ ಹೆಪ್ಪುಗಟ್ಟಿ ಆಗಿದ್ದಾ ರಕ್ತನಾಳ ಒಡೆದು ತಲೆಯೊಳಗೆ ರಕ್ತ ಸೋರಿದ್ದಾ, ಬಿಪಿ ಸಕ್ಕರೆ ಇತ್ತಾ, ಹಾರ್ಟ್‌ದು ಏನಾದ್ರೂ ಇತ್ತಾ, ಇಷ್ಟೂ ಬೇಕು. ಆಸ್ಪತ್ರೇಲಿ "ಫ್ಯಾಮಿಲಿ ಹಿಸ್ಟರಿ ಏನಾದ್ರೂ ಇದ್ಯಾ" ಅಂತ ಕೇಳ್ತಾರಲ್ಲ, ನಮ್ಮವರು "ಏನಿಲ್ಲ ಸಾರ್" ಅಂದುಬಿಡ್ತಾರೆ. ಮನೇಲಿ ವಂಶ ವಂಶ ಅಂತ ಗೋಳಾಡೋರೇ ಡಾಕ್ಟರ ಮುಂದೆ ಏನಿಲ್ಲ ಸಾರ್!

ಈಗ ಜೀನ್ ವಿಷಯಕ್ಕೆ ಬರ್ತೀನಿ. ಬ್ರಿಟನ್ನಿನಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನರ ಜೀನ್ ನೋಡಿ 2018ರಲ್ಲಿ ಒಂದು ಅಧ್ಯಯನ ಪ್ರಕಟ ಆಯ್ತು. ಜೀನ್ ಲೆಕ್ಕದಲ್ಲಿ ಹೆಚ್ಚು ರಿಸ್ಕ್ ಇರೋರಿಗೆ ಕಡಿಮೆ ಇರೋರಿಗಿಂತ ಸ್ಟ್ರೋಕ್ ಅಪಾಯ ಶೇಕಡಾ 35 ಜಾಸ್ತಿ. ಸಿಗರೇಟು, ದಪ್ಪ, ಕೆಟ್ಟ ಊಟ, ಮೈ ಬಗ್ಗಿಸದೇ ಇರೋದು, ಈ ನಾಲ್ಕರಲ್ಲಿ ಮೂರೋ ನಾಲ್ಕೋ ಇರೋರಿಗೆ, ಒಂದೇ ಇರೋರು ಇಲ್ಲಾ ಒಂದೂ ಇಲ್ಲದೋರಿಗಿಂತ ಶೇಕಡಾ 66 ಜಾಸ್ತಿ, ಅದೂ ಜೀನ್ ಎಂಥದ್ದೇ ಇರ್ಲಿ. ನೋಡಿದ್ದು ಬಿಳಿಯರನ್ನ ಮಾತ್ರ, ಅದೊಂದು ಕೊರತೆ ಇದೆ. ನಮ್ಮ ದೇಶದವರೂ ಇದ್ದ ದೊಡ್ಡ ಅಧ್ಯಯನ ಬೇಕು ಅಂದ್ರೆ ಇಂಟರ್‌ಸ್ಟ್ರೋಕ್ ಅಂತ ಇದೆ, 32 ದೇಶ, ಅದರ ಮುಂದಾಳುಗಳಲ್ಲಿ ಒಬ್ಬರಾದ ಸಲೀಂ ಯೂಸುಫ್ ಎಂಬಿಬಿಎಸ್ ಓದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ. 2016ರಲ್ಲಿ ಅವರು ಹೇಳಿದ್ದು, ಜಗತ್ತಿನ ಸ್ಟ್ರೋಕುಗಳಲ್ಲಿ ನೂರಕ್ಕೆ ತೊಂಬತ್ತರ ಹಿಂದೆ ನಾವು ಸರಿಮಾಡ್ಕೋಬಹುದಾದ ಹತ್ತು ಕಾರಣ ಇವೆ, ಎಲ್ಲಕ್ಕಿಂತ ದೊಡ್ಡದು ಬಿಪಿ.

ಬಿಪಿ ತಾನೇ ವಂಶದಲ್ಲಿ ಬರುತ್ತಲ್ಲ ಅಂತೀರಾ, ಬರುತ್ತೆ. ಆದ್ರೆ ಅದರ ಜೊತೆ ಉಪ್ಪಿನ ಡಬ್ಬನೂ ಬರುತ್ತೆ! ನಮ್ಮ ಮಾವಂದಿರ ಮನೆ ಊಟ ನೋಡ್ಬೇಕು ನೀವು. ಮುದ್ದೆ, ಉಪ್ಸಾರು, ಅದರ ಖಾರದಲ್ಲಿ ಕೈತುಂಬ ಉಪ್ಪು, ನೆಂಚಿಕೊಳ್ಳೋಕೆ ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ, ಕೊನೇಲಿ ಮಜ್ಜಿಗೆಗೆ ಬೆರಳಲ್ಲಿ ಕಲ್ಲುಪ್ಪು ಹಾಕಿ ಕಲಸ್ಕೊಂಡ್ರೇ ಸಮಾಧಾನ. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಇರ್ಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ, ಅಂದ್ರೆ ಒಂದು ಟೀ ಚಮಚದಷ್ಟು, ಅದು ಇವರಿಗೆ ಒಂದೇ ಹೊತ್ತಿಗೆ ಮುಗಿದುಹೋಗುತ್ತೆ. ತಾತ ಹಂಗೇ ಉಣ್ತಿದ್ರು, ಮಾವಂದಿರು ಹಂಗೇ ಉಣ್ತಾರೆ, ಮಾವನ ಮಗ ಬೆಂಗಳೂರಲ್ಲಿ ಐಟಿ ಕಂಪನೀಲಿದ್ರೂ ಅತ್ತೆ ಊರಿಂದ ಕಳ್ಸೋ ಉಪ್ಪಿನಕಾಯಿ ಭರಣಿ ಇಲ್ದೆ ಅನ್ನ ಇಳಿಯಲ್ಲ. ಇದನ್ನ ಜೀನ್ ಅನ್ನೋಣ್ವಾ?

ಇನ್ನೊಂದು ಮಾತ್ರೆ ನಿಲ್ಸೋ ಚಟ. ದೊಡ್ಡಮಾವ ಬಿಪಿ ಮಾತ್ರೆ ತಗೊಂಡ್ರು, ಬಿಪಿ 130ಕ್ಕೆ ಬಂತು, "ನಾರ್ಮಲ್ ಆಯ್ತಲ್ಲ, ಇನ್ಯಾಕೆ" ಅಂತ ನಿಲ್ಸಿದ್ರು. ನಾರ್ಮಲ್ ಆಗಿದ್ದೇ ಮಾತ್ರೆಯಿಂದ ಮಾವ ಅಂದ್ರೆ, ದಿನಾ ನುಂಗಿದ್ರೆ ಅದಕ್ಕೇ ಅಡಿಕ್ಟ್ ಆಗ್ಬಿಡ್ತೀವಂತೆ ಅನ್ನೋ ವಾಟ್ಸಾಪ್ ಜ್ಞಾನ. ಮೇಲಿನ ಬಿಪಿ ಬರೀ 10 ಪಾಯಿಂಟ್ ಇಳಿಸಿದ್ರೆ ಸ್ಟ್ರೋಕ್ ಅಪಾಯ ಕಾಲು ಭಾಗಕ್ಕಿಂತ ಜಾಸ್ತಿ ಕಡಿಮೆ ಆಗುತ್ತೆ, ಇದು ಲಕ್ಷಾಂತರ ರೋಗಿಗಳ ಮೇಲಿನ ಟ್ರಯಲ್‌ಗಳನ್ನೆಲ್ಲ ಒಟ್ಟುಹಾಕಿ ನೋಡಿದ ಲೆಕ್ಕ. ಬಿಪಿ ಮಾತ್ರೆ ಅಷ್ಟೇನೂ ದುಬಾರಿ ಅಲ್ಲ, ಸರ್ಕಾರಿ ಆಸ್ಪತ್ರೇಲಿ ಪುಕ್ಕಟೆ.

ನಮ್ಮ ಮನೆಯಲ್ಲೇ ಹೆಂಗಸರ ಕಥೆ ಯಾರೂ ಲೆಕ್ಕಕ್ಕೇ ಹಿಡಿದಿರ್ಲಿಲ್ಲ. ಅಮ್ಮನ ಚಿಕ್ಕಮ್ಮ ಒಬ್ಬರು ಬಾಣಂತನದಲ್ಲಿ "ಸನ್ನಿ ಹೊಡೆದು" ತೀರ್ಕೊಂಡ್ರು ಅಂತ ದೊಡ್ಡಮ್ಮ ಮಾತಿನ ಮಧ್ಯೆ ಹಂಗೇ ಹೇಳಿ ಮುಂದೆ ಹೋದ್ರು. ಜೋರು ತಲೆನೋವು, ಫಿಟ್ಸು, ಒಂದು ಕಡೆ ಕೈಕಾಲು ಬೀಳ್ತು, ಮೂರನೇ ದಿನಕ್ಕೆ ಹೋದ್ರು. ಬಾಣಂತೀರಿಗೆ ಮೆದುಳಿನ ಅಶುದ್ಧ ರಕ್ತನಾಳದಲ್ಲಿ ಹೆಪ್ಪುಗಟ್ಟೋ ಒಂದು ಥರದ ಸ್ಟ್ರೋಕ್ ಇದೆ, ನಿಮ್ಹಾನ್ಸ್ ಡಾಕ್ಟರುಗಳು ದಶಕಗಳಿಂದ ಇಂಥ ಕೇಸುಗಳನ್ನ ನೋಡಿ ಬರೆದಿದ್ದಾರೆ. ಬಾಣಂತಿಗೆ ನೀರು ಕೊಡ್ಬಾರ್ದು ಅಂತ ಗುಟುಕು ಗುಟುಕು ಲೆಕ್ಕ ಹಾಕಿ ಕೊಡೋ ಪದ್ಧತಿ ಇದೆಯಲ್ಲ, ಮೈಯಲ್ಲಿ ನೀರು ಕಡಿಮೆ ಆಗಿ ರಕ್ತ ಗಟ್ಟಿಯಾಗೋದು ಅದಕ್ಕೊಂದು ಕಾರಣ. ಆ ಅಜ್ಜಿಗೆ ಆಗಿದ್ದು ಅದೇನಾ ಈಗ ಹೇಳೋಕೆ ದಾರಿ ಇಲ್ಲ. ಆದ್ರೆ ರಕ್ತ ಬೇಗ ಹೆಪ್ಪುಗಟ್ಟೋ ಗುಣವೂ ಕೆಲವು ಮನೆತನಗಳಲ್ಲಿ ಬರುತ್ತೆ, ಅದಕ್ಕೇ ನಮ್ಮ ಅಕ್ಕನ ಮಗಳು ಈಗ ಬಸುರಿ, ಅವಳ ಡಾಕ್ಟರಿಗೆ ಈ ಕಥೆ ಹೇಳ್ಲೇಬೇಕು ಅಂತ ನಾನು ಹಠ ಹಿಡಿದಿದ್ದೀನಿ. ಬಸುರಲ್ಲಿ ಬಿಪಿ ಏರಿದ್ದ ಹೆಂಗಸರಿಗೆ ಮುಂದೆ ಸ್ಟ್ರೋಕ್ ಅಪಾಯ ಜಾಸ್ತಿ ಅನ್ನೋದೂ ಸಾಬೀತಾಗಿದೆ, ಹೆರಿಗೆ ಆದ್ಮೇಲೆ ಮಗೂಗೆ ಲಸಿಕೆ ಹಾಕ್ಸೋಕೆ ಹೋಗೋ ತಾಯಿ ತನ್ನ ಬಿಪಿ ನೋಡ್ಸಲ್ಲ.

ನಿಜವಾಗ್ಲೂ ಒಂದೇ ಜೀನ್‌ನಿಂದ ಬರೋ ಸ್ಟ್ರೋಕ್‌ಗಳೂ ಇವೆ, ಅಪರೂಪ. ಕ್ಯಾಡಾಸಿಲ್ ಅಂತ ಒಂದು, ನಾಚ್3 ಅನ್ನೋ ಜೀನ್ ಕೆಟ್ಟು ಬರುತ್ತೆ, ಅಪ್ಪ ಅಮ್ಮ ಒಬ್ಬರಲ್ಲಿದ್ರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಮನೇಲಿ ಸುಮಾರು ಜನಕ್ಕೆ ಚಿಕ್ಕ ವಯಸ್ಸಿಂದ ಮೈಗ್ರೇನು, ನಲವತ್ತು ಐವತ್ತಕ್ಕೆ ಬಿಪಿ ಇಲ್ದೇನೂ ಸ್ಟ್ರೋಕು, ಆಮೇಲೆ ಮರೆವು, ಹಿಂಗಿದ್ರೆ ನರರೋಗ ತಜ್ಞರ ಹತ್ರ ಹೋಗಿ ಜೀನ್ ಟೆಸ್ಟ್ ಬಗ್ಗೆ ಮಾತಾಡಿ. ನಮ್ಮ ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಬುಡಕಟ್ಟು ಜನರಲ್ಲಿ ಸಿಕಲ್ ಸೆಲ್ ಅನ್ನೋ, ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗೋ ವಂಶದ ಕಾಯಿಲೆ ಇದೆ, ಅದರಲ್ಲಿ ಪುಟ್ಟ ಮಕ್ಕಳಿಗೂ ಸ್ಟ್ರೋಕ್ ಆಗುತ್ತೆ. "ವಂಶದಲ್ಲಿದೆ" ಅನ್ನೋ ಮಾತು ನಿಜಕ್ಕೂ ಸಲ್ಲಬೇಕಾದ್ದು ಇಂಥ ಕಡೆ.

ನಾಟಿ ಔಷಧಿ ಬಗ್ಗೆ ಎರಡು ಮಾತು, ಬೈಬೇಡಿ. ಚಿಕ್ಕಮಾವನಿಗೆ ರಾತ್ರಿ ಎಂಟಕ್ಕೆ ಶುರುವಾಗಿದ್ದು, ಪಾರಿವಾಳದ ರಕ್ತ ಹಚ್ಚಿ ಮಲಗಿಸಿ, ಬೆಳಿಗ್ಗೆ ಆಸ್ಪತ್ರೆಗೆ ಬಂದ್ರು. ಹೆಪ್ಪು ಕರಗಿಸೋ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರೋದು ನಾಲ್ಕೂವರೆ ಗಂಟೆ, ದೊಡ್ಡ ನಾಳ ಕಟ್ಟಿಕೊಂಡಿದ್ರೆ ತಂತಿ ಹಾಕಿ ಹೆಪ್ಪು ತೆಗೆಯೋದನ್ನ ಕೆಲವರಿಗೆ 24 ಗಂಟೆವರೆಗೂ ಮಾಡ್ತಾರೆ, ಆದ್ರೆ ಅದು ಎಲ್ಲಾ ಊರಲ್ಲೂ ಎಲ್ಲಿದೆ? ಚಿಕಿತ್ಸೆ ಇಲ್ದೆ ಹೋಗೋ ಒಂದೊಂದು ನಿಮಿಷಕ್ಕೂ ಸುಮಾರು 19 ಲಕ್ಷ ನರಕೋಶ ಸಾಯ್ತವೆ. "ಪಕ್ಕದೂರಿನೋರಿಗೆ ಆ ಔಷಧೀಲೇ ವಾಸಿ ಆಯ್ತು" ಅಂತಾರಲ್ಲ, ಅದರಲ್ಲಿ ಎಷ್ಟೋ ಕೇಸು ಮುಖದ ನರ ಒಂದೇ ಬಾವು ಬಂದು ಬಾಯಿ ಸೊಟ್ಟ ಆಗೋ ಬೆಲ್ಸ್ ಪಾಲ್ಸಿ, ಹೆಚ್ಚಿನೋರಿಗೆ ಅದು ಕೆಲವು ವಾರ ತಿಂಗಳಲ್ಲಿ ತಾನಾಗೇ ಸರಿಹೋಗುತ್ತೆ. ಹೆಸರು ಮಾತ್ರ ಔಷಧಿ ಕೊಟ್ಟೋರಿಗೆ. ಆದ್ರೂ ಅದು ಬೆಲ್ಸ್ ಪಾಲ್ಸಿನಾ ಸ್ಟ್ರೋಕಾ ಅಂತ ಮನೇಲಿ ಕೂತು ತೀರ್ಮಾನ ಮಾಡೋಕೆ ಹೋಗ್ಬೇಡಿ, ಮುಖ ಸೊಟ್ಟ, ಕೈ ಬೀಳೋದು, ಮಾತು ತೊದಲೋದು, ಇದರಲ್ಲಿ ಒಂದು ಕಂಡ್ರೂ 108ಕ್ಕೆ ಫೋನ್ ಮಾಡಿ ಸಿಟಿ ಸ್ಕ್ಯಾನ್ ಇರೋ ಆಸ್ಪತ್ರೆಗೇ ಕರ್ಕೊಂಡ್ ಹೋಗಿ ಅಂತ ಕೇಳಿ.

ಇಷ್ಟೆಲ್ಲಾ ಆದ್ಮೇಲೆ ಕಸಿನ್ಸ್ ವಾಟ್ಸಾಪ್ ಗ್ರೂಪಲ್ಲಿ ಒಂದು ಲಿಸ್ಟ್ ಮಾಡ್ದೆ. ಯಾರಿಗೆ ಏನು, ಎಷ್ಟನೇ ವಯಸ್ಸಿಗೆ, ಬಿಪಿ ಎಷ್ಟು, ಮೂವತ್ತು ದಾಟಿದೋರೆಲ್ಲ ಒಂದ್ಸಲ ಚೆಕ್ ಮಾಡ್ಸಿ ಹಾಕಿ ಅಂತ. ಇಬ್ಬರಿಗೆ ಬಿಪಿ ಇರೋದು ಆಗಲೇ ಗೊತ್ತಾಗಿದ್ದು, ಒಬ್ಬನಿಗೆ ಇನ್ನೂ ಮೂವತ್ತನಾಲ್ಕು. ದೊಡ್ಡಮಾವನ ಅಳಿಯ ಮಾತ್ರ ಪರ್ಸನಲ್ ಆಗಿ ಮೆಸೇಜ್ ಹಾಕಿದ್ರು, "ನಮ್ ಹುಡುಗಿಗೆ ಗಂಡು ನೋಡ್ತಿದೀವಿ, ಈ ಲಿಸ್ಟು ಹೊರಗ್ ಹೋದ್ರೆ ಸಂಬಂಧ ತಪ್ಪೋಗುತ್ತೆ, ಡಿಲೀಟ್ ಮಾಡಮ್ಮ." ಅವರ ಭಯ ಸುಳ್ಳಲ್ಲ, ಜಾತಕದ ಜೊತೆ ಕಾಯಿಲೆನೂ ಕೆದಕೋ ಜನ ಇದ್ದಾರೆ. ಆದ್ರೆ ಡಿಲೀಟ್ ಮಾಡ್ಲಿಲ್ಲ. ಗಂಡಿನ ಕಡೆಯವರ ಮನೇಲೂ ಯಾರ್ಯಾರಿಗೆ ಎಷ್ಟನೇ ವಯಸ್ಸಿಗೆ ಏನಾಗಿತ್ತು ಅಂತ ಕೇಳಿ ಕಳ್ಸಿ ಭಾವ, ಅದನ್ನೂ ಸೇರಿಸ್ತೀನಿ ಅಂತ ಉತ್ತರ ಹಾಕ್ದೆ. ಬ್ಲೂ ಟಿಕ್ ಬಿದ್ದಿದೆ, ಮಾತಿಲ್ಲ.