ಜಕ್ಕಲಮಡುಗಿನಲ್ಲಿ ಟ್ರೌಟ್ ಮೀನು ಸಿಗುವುದಿಲ್ಲ

"ಚಿಕ್ಕಬಳ್ಳಾಪುರದ ಜಕ್ಕಲಮಡುಗು ಜಲಾಶಯದಲ್ಲಿ ಈ ಬೇಸಿಗೆ ಟ್ರೌಟ್ ಹಿಡಿಯಬಹುದು" ಎಂಬ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಇದು ತಪ್ಪು. ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

ಟ್ರೌಟ್ ತಣ್ಣೀರಿನ ಮೀನು. ಸುಮಾರು 10ರಿಂದ 18 ಡಿಗ್ರಿ ಸೆಲ್ಸಿಯಸ್ ನೀರು ಅದಕ್ಕೆ ಹಿತ. 20 ದಾಟಿದರೆ ಒದ್ದಾಡುತ್ತದೆ, 25ರ ಆಸುಪಾಸಿನಲ್ಲಿ ಬದುಕುವುದೇ ಕಷ್ಟ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಟ್ರೌಟ್‌ಗೆ ಬೇಕಾಗಿರುವುದು ಮಾತ್ರ ಜಾಸ್ತಿ. ನಮ್ಮ ಏಪ್ರಿಲ್ ಬಿಸಿಲು ಗೊತ್ತಲ್ವಾ? ನಂದಿಬೆಟ್ಟದ ಮೇಲೆ ಬೆಳಗ್ಗೆ ಚಳಿಯಾದರೆ ಕೆಳಗಿನ ಕೆರೆ ನೀರು ತಣ್ಣಗಾಗುವುದಿಲ್ಲ. ನಮ್ಮ ಕಡೆ ಸಿಗುವುದು ಕಾಟ್ಲಾ, ರೋಹು, ಜಿಲೇಬಿ. ಅವೂ ಒಳ್ಳೆಯ ಮೀನುಗಳೇ.

ಟ್ರೌಟ್ ಬೇಕೆಂದರೆ ಕಾಶ್ಮೀರಕ್ಕೋ ಹಿಮಾಚಲದ ತೀರ್ಥನ್ ನದಿಗೋ ಹೋಗಬಹುದು. ಹಿಮಾಚಲದಲ್ಲಿ ಮೀನುಗಾರಿಕೆ ಇಲಾಖೆಯ ಪರವಾನಗಿ ಕಡ್ಡಾಯ. ಅಲ್ಲಿ ಗಾಳಕ್ಕೆ ಎರೆಹುಳು ಸಿಕ್ಕಿಸುವ ಬದಲು, ಗರಿ, ದಾರ ಸುತ್ತಿ ನೊಣದಂತೆ ಮಾಡಿದ ಕೊಕ್ಕೆ ಎಸೆಯುತ್ತಾರೆ. ಬೇಸಿಗೆಯಲ್ಲಿ ಬೆಳಗಿನ ಹೊತ್ತೇ ಸರಿ. ನೀರು 20 ಡಿಗ್ರಿ ಮುಟ್ಟಿದರೆ ಗಾಳ ಎತ್ತಿಬಿಡಿ. ಆಗ ಹಿಡಿದು ಬಿಟ್ಟ ಮೀನೂ ಸುಸ್ತಾಗಿ ಸಾಯಬಹುದು.